ನತಾಲಾಂ ಹಬ್ಬಕ್ಕೂ ನಟಾಲ್ ಬಂದರಿಗೂ ಏನು ಸಂಬಂಧ?

ಪ್ರಶ್ನೆ: ಮಲ್ಲಂದೂರು ಓದುಗ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಮಲ್ಲಂದೂರು ಕಡೆಯ ಸಣ್ಣ ಕಾಫಿ ತೋಟ. ನಮ್ಮ ಬೇಲಿಗೆ ಹೊಂದಿಕೊಂಡ ಮನೆಯವರು ಮೂರು ತಲೆಮಾರಿನ ಹಿಂದೆ ಮಂಗಳೂರು ಸೀಮೆಯಿಂದ ಘಟ್ಟ ಹತ್ತಿ ಬಂದ ಕೊಂಕಣಿ ಕ್ರೈಸ್ತರು. ಪ್ರತಿ ಡಿಸೆಂಬರ್ ಕೊನೆಯ ವಾರ ಆ ಮನೆಯ ಬಾಯಮ್ಮ ಒಂದು ತಟ್ಟೆ ತುಂಬ ಕುಸ್ವಾರ್ ತಿಂಡಿ ಕಳುಹಿಸುತ್ತಾರೆ, ಯುಗಾದಿಗೆ ನಮ್ಮ ಮನೆಯ ಒಬ್ಬಟ್ಟು ಅಲ್ಲಿಗೆ ಹೋಗುತ್ತದೆ. ಅವರು ಕ್ರಿಸ್‌ಮಸ್ ಎಂಬ ಮಾತನ್ನು ನಮ್ಮೊಡನೆ ಮಾತನಾಡುವಾಗ ಮಾತ್ರ ಬಳಸುತ್ತಾರೆ. ಮನೆಯೊಳಗೆ ಅದು ‘ನತಾಲಾಂ’.

ಎಂಟನೇ ತರಗತಿಯಲ್ಲಿರುವ ನನ್ನ ಮಗಳು ಗಾಂಧೀಜಿಯವರ ಬಗ್ಗೆ ಶಾಲೆಗೆ ಒಂದು ಚಾರ್ಟ್ ಸಿದ್ಧಪಡಿಸುತ್ತಿದ್ದಾಳೆ. ಮೊನ್ನೆ ಪುಸ್ತಕದಲ್ಲಿ ‘ನಟಾಲ್ ಇಂಡಿಯನ್ ಕಾಂಗ್ರೆಸ್’ ಎಂಬ ಹೆಸರನ್ನು ಓದಿ, “ಅಪ್ಪಾ, ಹಾಗಾದರೆ ಗಾಂಧೀಜಿ ಹೋಗಿದ್ದು ಕ್ರಿಸ್‌ಮಸ್ ಊರಿಗಾ?” ಎಂದು ಕೇಳಿದಳು. ಎರಡು ಪದಗಳ ಉಚ್ಚಾರ ಹತ್ತಿರವಿದೆಯೇ ಹೊರತು ಸಂಬಂಧವಿರಲಾರದು ಎಂದು ನಾನು ಹೇಳಿದೆ. ಅವಳು ಭೂಪಟ ತಂದು ಹುಡುಕಿದಾಗ ಬ್ರೆಜಿಲ್ ದೇಶದ ಈಶಾನ್ಯ ಮೂಲೆಯ ಕಡಲ ದಂಡೆಯಲ್ಲಿ ಇನ್ನೊಂದು ನಟಾಲ್ ಸಿಕ್ಕಿತು. ನಾನು ಅವಸರದಲ್ಲಿ ಕೊಟ್ಟ ಉತ್ತರ ತಪ್ಪೇನೋ ಎಂದು ಆಗ ಅನುಮಾನ ಹುಟ್ಟಿತು. ಹಬ್ಬಕ್ಕೂ ಈ ಎರಡು ಊರುಗಳಿಗೂ ಒಂದೇ ಹೆಸರು ಹೇಗೆ ಬಂತು, ಗಾಂಧೀಜಿಯವರ ನಟಾಲ್ ಯಾವುದು ಎಂಬುದನ್ನು ತಿಳಿದವರು ವಿವರಿಸಿದರೆ ನಾನು ಮಗಳ ಮುಂದೆ ಸರಿಯಾಗಿ ತಿದ್ದಿಕೊಳ್ಳಬಹುದು.

ಉತ್ತರ 1: ಇತಿಹಾಸದ ಮೇಷ್ಟ್ರು, ಹಾಸನ

ನಿಮ್ಮ ಮಗಳ ಅನುಮಾನವೇ ಸರಿ. ಮೂರೂ ಒಂದೇ ಪದ.

ಪೋರ್ಚುಗೀಸ್ ಭಾಷೆಯಲ್ಲಿ ಕ್ರಿಸ್‌ಮಸ್ ಹಬ್ಬಕ್ಕೆ ‘ನತಾಲ್’ ಎಂದು ಹೆಸರು. ಅದು ಲ್ಯಾಟಿನ್‌ನ ‘ನತಾಲಿಸ್’, ಅಂದರೆ ‘ಹುಟ್ಟಿಗೆ ಸಂಬಂಧಿಸಿದ್ದು’ ಎಂಬ ಪದದಿಂದ ಬಂದದ್ದು. ಇಟಲಿಯವರ ‘ನತಾಲೆ’, ಫ್ರೆಂಚರ ‘ನೊಯೆಲ್’ ಇವೂ ಅದರ ಮಕ್ಕಳೇ. ಹುಟ್ಟಿದ ಎಂಬ ಅರ್ಥದ ಲ್ಯಾಟಿನ್ ಪದ ‘ನಾತುಸ್’, ಅದರ ಹಳೆಯ ರೂಪ ‘ಗ್ನಾತುಸ್’. ನಾವು ದಿನವೂ ಬಳಸುವ ಸಂಸ್ಕೃತದ ‘ಜಾತ’ ಮತ್ತು ಈ ‘ಗ್ನಾತುಸ್’ ಒಂದೇ ಮೂಲದಿಂದ ಕವಲೊಡೆದ ಪದಗಳೆಂಬುದು ಭಾಷಾವಿಜ್ಞಾನದಲ್ಲಿ ಚೆನ್ನಾಗಿ ಸ್ಥಾಪಿತವಾದ ಸಂಗತಿ. ನಮ್ಮಲ್ಲಿ ಮಗು ಹುಟ್ಟಿದಾಗ ಬರೆಸುವ ಜಾತಕಕ್ಕೆ ಇಂಗ್ಲಿಷಿನವರು ‘ನೇಟಲ್ ಚಾರ್ಟ್’ ಎನ್ನುತ್ತಾರೆ. ಜಾತಕದ ‘ಜಾತ’ವೂ ನಿಮ್ಮ ನೆರೆಮನೆಯ ನತಾಲಾಂ ಹಬ್ಬದ ‘ನತಾ’ವೂ ದೂರದ ದಾಯಾದಿಗಳು ಎಂದು ಮಗಳಿಗೆ ಧೈರ್ಯವಾಗಿ ಹೇಳಬಹುದು.

ಇನ್ನು ಊರಿಗೆ ಹಬ್ಬದ ಹೆಸರು ಬಂದ ಬಗೆ. ಹದಿನೈದು, ಹದಿನಾರನೆಯ ಶತಮಾನದ ಪೋರ್ಚುಗೀಸ್ ನಾವಿಕರು ಗುರುತಿಲ್ಲದ ದಂಡೆಯ ಗುಂಟ ಸಾಗುವಾಗ, ಅಂದು ಚರ್ಚಿನ ಪಂಚಾಂಗದಲ್ಲಿ ಯಾವ ಹಬ್ಬವೋ ಯಾವ ಸಂತರ ದಿನವೋ ಆ ಹೆಸರನ್ನೇ ಎದುರಿಗೆ ಕಂಡ ಭೂಶಿರಕ್ಕೋ ಕೊಲ್ಲಿಗೋ ಇಡುತ್ತಿದ್ದರು. 1501ರಲ್ಲಿ ಬ್ರೆಜಿಲ್ ದಂಡೆಯನ್ನು ಅಳೆಯಲು ಬಂದ ಹಡಗುಗಳ ದಾರಿಯನ್ನು ನೋಡಿ. ಆಗಸ್ಟ್ 16 ಸಂತ ರೋಕರ ದಿನ, ಅಂದು ಕಂಡದ್ದು ಸಾವೊ ರೋಕ್ ಭೂಶಿರ. ನವೆಂಬರ್ 1 ಸಕಲ ಸಂತರ ಹಬ್ಬ, ಅಂದು ಹೊಕ್ಕ ಕೊಲ್ಲಿಗೆ ಸಕಲ ಸಂತರ ಕೊಲ್ಲಿ ಎಂಬ ಹೆಸರು ಬಂತು, ಈಗಿನ ಸಾಲ್ವಡೋರ್ ನಗರವಿರುವುದು ಅದರ ಬಾಯಲ್ಲಿ. 1502ರ ಜನವರಿ 1ರಂದು ಸಿಕ್ಕಿದ್ದು ರಿಯೊ ಡಿ ಜನೈರೊ, ‘ಜನವರಿಯ ನದಿ’. ಹೆಸರುಗಳನ್ನು ಬಡಗಿನಿಂದ ತೆಂಕಿಗೆ ಓದುತ್ತ ಹೋದರೆ ಆ ಪ್ರಯಾಣದ ದಿನಚರಿಯೇ ದಂಡೆಯ ಮೇಲೆ ಬರೆದಿಟ್ಟಂತಿದೆ. ನಮಗೆ ಇದು ತೀರ ಅಪರಿಚಿತವಾದ ಕ್ರಮವೂ ಅಲ್ಲ. ನಮ್ಮ ಜಿಲ್ಲೆಯ ಗಡಿ ದಾಟಿದರೆ ಶನಿವಾರಸಂತೆ, ಅದರಾಚೆ ಸೋಮವಾರಪೇಟೆ ಇವೆ, ಅಲ್ಲಿಯೂ ದಿನವೇ ಊರಿನ ಹೆಸರಿಗೆ ಸೇರಿದೆ. ವಾರದ ಹೆಸರನ್ನೇ ಮಕ್ಕಳಿಗೆ ಇಡುವ ರೂಢಿಯೂ ನಮ್ಮ ಹಳ್ಳಿಗಳಲ್ಲಿ ಇತ್ತು.

ಎರಡು ನಟಾಲ್‌ಗಳಲ್ಲಿ ಹಳೆಯದು ಆಫ್ರಿಕಾದ್ದು. ವಾಸ್ಕೊ ಡ ಗಾಮಾ 1497ರ ಜುಲೈ 8ರಂದು ಲಿಸ್ಬನ್ ಬಿಟ್ಟು, ನವೆಂಬರ್‌ನಲ್ಲಿ ಗುಡ್ ಹೋಪ್ ಭೂಶಿರವನ್ನು ಸುತ್ತಿ, ಕ್ರಿಸ್‌ಮಸ್ ಹೊತ್ತಿಗೆ ಆಫ್ರಿಕಾದ ಆಗ್ನೇಯ ದಂಡೆಯ ಪಕ್ಕದಲ್ಲಿ ಸಾಗುತ್ತಿದ್ದ. ಆ ದಂಡೆಗೆ ಅವರು ನತಾಲ್ ಎಂದು ಹೆಸರಿಟ್ಟು ಮುಂದುವರಿದರು. ಅಲ್ಲಿ ಊರು ಕಟ್ಟಲಿಲ್ಲ. ಅದೇ ಹಡಗುಗಳು ಸುಮಾರು ಐದು ತಿಂಗಳ ನಂತರ, 1498ರ ಮೇ 20ರಂದು, ಕಲ್ಲಿಕೋಟೆಯ ಬಳಿ ಲಂಗರು ಹಾಕಿದವು. ಕಡಲಿನಿಂದ ನೋಡಿ ಇಟ್ಟ ಆ ಹೆಸರು ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ನಕಾಶೆಗಳಲ್ಲೇ ಉಳಿದು, 1824ರಲ್ಲಿ ಬ್ರಿಟಿಷ್ ವ್ಯಾಪಾರಿಗಳು ಅಲ್ಲಿನ ಕೊಲ್ಲಿಯಲ್ಲಿ ನೆಲೆ ಮಾಡಿದಾಗ ‘ಪೋರ್ಟ್ ನಟಾಲ್’ ಎಂದು ಬಂದರಿಗೆ ಅಂಟಿಕೊಂಡಿತು. 1835ರಲ್ಲಿ ಕೇಪ್ ಪ್ರಾಂತದ ಗವರ್ನರ್ ಸರ್ ಬೆಂಜಮಿನ್ ಡರ್ಬನ್ ಅವರ ಗೌರವಾರ್ಥ ಆ ಊರು ಡರ್ಬನ್ ಆಯಿತು. ನಟಾಲ್ ಎಂಬುದು ಸುತ್ತಲಿನ ನಾಡಿನ ಹೆಸರಾಗಿ ಉಳಿಯಿತು. 1843ರಲ್ಲಿ ಅದು ಬ್ರಿಟಿಷ್ ವಸಾಹತು, 1994ರಿಂದ ಕ್ವಾಜುಲು-ನಟಾಲ್ ಪ್ರಾಂತ.

ಇಲ್ಲಿ ಒಂದು ಸೂಕ್ಷ್ಮವಿದೆ, ಚಾರ್ಟಿಗೆ ಬೇಕಿಲ್ಲದಿದ್ದರೂ ಹೇಳದೆ ಇರಲಾರೆ. 1497ರಲ್ಲಿ ಯುರೋಪಿನಲ್ಲಿ ಇನ್ನೂ ಹಳೆಯ ಜೂಲಿಯನ್ ಪಂಚಾಂಗ ನಡೆಯುತ್ತಿತ್ತು. ಈಗಿನ ಲೆಕ್ಕಕ್ಕೆ ಅದು ಒಂಬತ್ತು ದಿನ ಹಿಂದೆ, ಹಾಗಾಗಿ ಡ ಗಾಮಾನ ಹಡಗಿನವರು ಹಬ್ಬ ಮಾಡಿದ ದಿನ ನಮ್ಮ ಈಗಿನ ಎಣಿಕೆಯಲ್ಲಿ 1498ರ ಜನವರಿ 3 ಆಗುತ್ತದೆ. ಪೋರ್ಚುಗಲ್ 1582ರಲ್ಲಿ ತಿದ್ದಿದ ಪಂಚಾಂಗವನ್ನು ಒಪ್ಪಿಕೊಂಡಿತು. ಬ್ರೆಜಿಲ್‌ನ ನತಾಲ್ ಸ್ಥಾಪನೆಯಾದದ್ದು ಆಮೇಲೆ, 1599ರ ಡಿಸೆಂಬರ್ 25ರಂದು. ಹಬ್ಬ ಒಂದೇ ಆದರೂ, ಸೂರ್ಯನ ಲೆಕ್ಕದಲ್ಲಿ ಎರಡು ಊರುಗಳ ‘ಡಿಸೆಂಬರ್ 25’ ಬೇರೆ ಬೇರೆ.

ಬ್ರೆಜಿಲ್‌ನ ನಗರದ್ದು ಸ್ವಲ್ಪ ಬೇರೆ ಕತೆ. ಪೊಟೆಂಜಿ ನದಿ ಅಟ್ಲಾಂಟಿಕ್ ಸೇರುವ ಜಾಗದಲ್ಲಿ ಫ್ರೆಂಚರು ಸ್ಥಳೀಯ ಪೊಟಿಗುವಾರ ಜನರೊಂದಿಗೆ ಕೆಂಪು ಬಣ್ಣದ ಬ್ರೆಜಿಲ್ ಮರದ ವ್ಯಾಪಾರ ನಡೆಸುತ್ತಿದ್ದರು. ಅವರನ್ನು ಹೊರಗಟ್ಟಲು ಬಂದ ಪೋರ್ಚುಗೀಸರು 1598ರ ಜನವರಿ 6ರಂದು ನದಿಯ ಬಾಯಲ್ಲಿ ನಕ್ಷತ್ರಾಕಾರದ ಕೋಟೆಯ ಕೆಲಸ ಆರಂಭಿಸಿದರು. ಜನವರಿ 6 ಬಾಲಯೇಸುವನ್ನು ಕಾಣಲು ಬಂದ ಮೂವರು ರಾಯರ ಹಬ್ಬವಾದ್ದರಿಂದ ಅದಕ್ಕೆ ಮೂವರು ರಾಯರ ಕೋಟೆ, ‘ರೇಯಿಸ್ ಮಾಗೊಸ್’ ಎಂಬ ಹೆಸರಾಯಿತು. ಮರುವರ್ಷದ ಕೊನೆಗೆ ಸ್ಥಾಪನೆಯಾದ ಊರು ಹಬ್ಬದ ಹೆಸರನ್ನೇ ಹೊತ್ತಿತು. 1633ರಲ್ಲಿ ಡಚ್ಚರು ಗೆದ್ದು ಊರನ್ನು ‘ಹೊಸ ಆಮ್‌ಸ್ಟರ್‌ಡಾಮ್’ ಎಂದು ಕರೆದರು, 1654ರಲ್ಲಿ ಅವರು ಹೋದ ಮೇಲೆ ಹಳೆಯ ಹೆಸರು ಮರಳಿತು. ಇಂದು ಅದು ರಿಯೊ ಗ್ರಾಂಡೆ ಡೊ ನಾರ್ಟೆ ರಾಜ್ಯದ ರಾಜಧಾನಿ. ಬ್ರೆಜಿಲ್‌ನಲ್ಲಿ ಆಫ್ರಿಕಾಕ್ಕೆ ಅತಿ ಹತ್ತಿರವಾದ ಮೂಲೆ ಅದೇ ಆದ್ದರಿಂದ ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಮಾನಗಳು ಅಲ್ಲಿಂದ ಸಾಗರ ದಾಟುತ್ತಿದ್ದವು.

ಈಗ ಮಗಳ ಮೂಲ ಪ್ರಶ್ನೆ. ಗಾಂಧೀಜಿ 1893ರಲ್ಲಿ ಇಳಿದದ್ದು ಆಫ್ರಿಕಾದ ನಟಾಲ್ ವಸಾಹತಿನ ಡರ್ಬನ್ ಬಂದರಿನಲ್ಲಿ. ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಭಾರತೀಯರು ಅಲ್ಲಿಗೆ ಬರತೊಡಗಿ ಆಗಲೇ ಮೂರು ದಶಕ ಕಳೆದಿತ್ತು. ಮದರಾಸಿನಿಂದ ಹೊರಟ ಟ್ರೂರೊ ಎಂಬ ಮೊದಲ ಹಡಗು 1860ರ ನವೆಂಬರ್ 16ರಂದು ಅಲ್ಲಿ ತಲುಪಿತ್ತು. ಗಾಂಧೀಜಿ 1894ರಲ್ಲಿ ನಟಾಲ್ ಇಂಡಿಯನ್ ಕಾಂಗ್ರೆಸ್ ಕಟ್ಟಿದರು. 1896ರಲ್ಲಿ ಊರಿಗೆ ಬಂದು, ಕಸ್ತೂರಬಾ ಮತ್ತು ಮಕ್ಕಳನ್ನು ಕರೆದುಕೊಂಡು ಮರಳಿದಾಗ, ಮುಂಬಯಿಯಲ್ಲಿ ಪ್ಲೇಗ್ ಇದೆ ಎಂಬ ಕಾರಣ ಮುಂದಿಟ್ಟು ಅವರಿದ್ದ ಕೂರ್ಲ್ಯಾಂಡ್ ಹಡಗನ್ನೂ ಜೊತೆಯ ನಾದಿರಿ ಹಡಗನ್ನೂ ಡಿಸೆಂಬರ್ ಮೂರನೆಯ ವಾರದಿಂದ ಬಂದರಿನ ಹೊರಗೇ ತಡೆದು ನಿಲ್ಲಿಸಲಾಯಿತು. ಭಾರತೀಯರು ಇಳಿಯಬಾರದೆಂದು ದಡದಲ್ಲಿ ಬಿಳಿಯರ ಸಭೆಗಳು ನಡೆಯುತ್ತಿದ್ದವು. ಆ ವರ್ಷದ ಕ್ರಿಸ್‌ಮಸ್ ದಿನ ಹಡಗಿನ ಕಪ್ತಾನರು ಏರ್ಪಡಿಸಿದ ಊಟದಲ್ಲಿ ಗಾಂಧೀಜಿ ಪಾಶ್ಚಾತ್ಯ ನಾಗರಿಕತೆಯ ಬಗ್ಗೆ ಮಾತನಾಡಿದರೆಂದು ಅವರ ಆತ್ಮಕಥೆಯಲ್ಲಿದೆ. ಅವರು ದಡಕ್ಕೆ ಇಳಿದದ್ದು 1897ರ ಜನವರಿ 13ರಂದು, ಇಳಿದ ದಿನವೇ ಗುಂಪೊಂದು ಅವರ ಮೇಲೆ ಹಲ್ಲೆ ಮಾಡಿತು. ಕ್ರಿಸ್‌ಮಸ್ ಹೆಸರಿನ ನಾಡಿನ ಬಾಗಿಲಲ್ಲಿ, ಕ್ರಿಸ್‌ಮಸ್ ದಿನ, ಒಳಗೆ ಬಿಡದೆ ನಿಲ್ಲಿಸಿದ ಹಡಗಿನಲ್ಲಿ ಗಾಂಧೀಜಿ ಇದ್ದರು. ನಿಮ್ಮ ಮಗಳು ಚಾರ್ಟಿನಲ್ಲಿ ಇದನ್ನು ಖಂಡಿತ ಬರೆಯಬೇಕೆಂದು ನನ್ನ ಆಸೆ.

ಉತ್ತರ 2: ಬಾಳೆಹೊನ್ನೂರಿನವಳು

ಮೇಷ್ಟ್ರ ವಿವರಣೆಯನ್ನು ನಮ್ಮ ಮನೆಯಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಾನು ಕೊಂಕಣಿ ಮಾತನಾಡುವ ಮನೆಯವಳು, ಎರಡು ಸಂಗತಿ ಸೇರಿಸಬೇಕೆನಿಸಿತು.

ಮೊದಲನೆಯದು ಉಚ್ಚಾರ. ಶಾಲೆಯ ಪುಸ್ತಕದ ‘ನಟಾಲ್’ ಇಂಗ್ಲಿಷಿನ ಮೂಲಕ ಕನ್ನಡಕ್ಕೆ ಬಂದದ್ದರಿಂದ ಅಲ್ಲಿ ‘ಟ’ ಇದೆ. ಪೋರ್ಚುಗೀಸರ ಬಾಯಲ್ಲಿ ಅದು ‘ತ’. ಇಗರ್ಜಿ, ಪಾದ್ರಿ, ಪಾಸ್ಕ ಹಬ್ಬ ಇವೆಲ್ಲ ಬಂದ ದಾರಿಯಲ್ಲೇ ನತಾಲಾಂ ಕೂಡ ಗೋವೆಯಿಂದ ಕರಾವಳಿಗಿಳಿದು, ಅಲ್ಲಿಂದ ನಮ್ಮ ಹಿರಿಯರ ಜೊತೆ ಘಟ್ಟ ಹತ್ತಿದೆ, ಆದರೆ ‘ತ’ಕಾರ ಕೆಟ್ಟಿಲ್ಲ. ಬ್ರೆಜಿಲ್‌ನವರು ಈಗ ಕೊನೆಯ ‘ಲ್’ ಅನ್ನು ‘ವ್’ ಎಂಬಂತೆ ಹಗುರಗೊಳಿಸಿ ‘ನತಾವ್’ ಎನ್ನುತ್ತಾರೆ. ಕೊಪ್ಪ, ಬಾಳೆಹೊನ್ನೂರಿನ ನಮ್ಮ ಅಜ್ಜಿಯಂದಿರ ನಾಲಗೆಯ ಮೇಲೆ ‘ಲ’ಕಾರ ಇನ್ನೂ ಗಟ್ಟಿಯಾಗಿದೆ.

ಎರಡನೆಯದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೇಷ್ಟ್ರು ಕೋಟೆಗೆ ಒಂದು ಹಬ್ಬ, ಊರಿಗೆ ಇನ್ನೊಂದು ಹಬ್ಬ ಎಂಬಂತೆ ಬರೆದಿದ್ದಾರೆ. ನಮಗೆ ಅವೆರಡೂ ಒಂದೇ ಹಬ್ಬದ ಎರಡು ತುದಿಗಳು. ಡಿಸೆಂಬರ್ 24ರ ರಾತ್ರಿ ಇಗರ್ಜಿಯ ಬಲಿಪೂಜೆ ಮುಗಿಸಿ, ಚಳಿಯಲ್ಲಿ ಶಾಲು ಹೊದ್ದು ಮನೆಗೆ ಬಂದು ಗೋದಲಿಯಲ್ಲಿ ಬಾಲಯೇಸುವಿನ ಪುಟ್ಟ ಬೊಂಬೆಯನ್ನು ಮಲಗಿಸುತ್ತೇವೆ. ನಮ್ಮ ಮನೆಯ ಗೋದಲಿಯಲ್ಲಿ ಮೂವರು ರಾಯರ ಬೊಂಬೆಗಳು ಅಂದು ದೂರದ ಮೂಲೆಯಲ್ಲಿರುತ್ತವೆ. ಮಕ್ಕಳು ದಿನಕ್ಕೆ ಒಂದು ಗೇಣು ಮುಂದೆ ಸರಿಸುತ್ತ ಹೋಗಿ, ಜನವರಿ 6ರಂದು ಅವು ಗೋದಲಿಯ ಬಾಗಿಲು ತಲುಪುತ್ತವೆ, ಮರುದಿನ ಗೋದಲಿಯನ್ನು ಬಿಚ್ಚಿ ಕಟ್ಟಿಡುತ್ತೇವೆ. ಆದ್ದರಿಂದ ನದಿಯ ಬಾಯಲ್ಲಿ ಮೂವರು ರಾಯರ ಕೋಟೆ, ಒಳಗೆ ನತಾಲ್ ಊರು ಎಂದು ಓದಿದಾಗ ನನಗೆ ಇಡೀ ಊರೇ ಒಂದು ಗೋದಲಿಯಂತೆ ಕಂಡಿತು. ಕಟ್ಟಿದವರಿಗೆ ಆ ಉದ್ದೇಶವಿರಲಿಲ್ಲ, ದಿನಾಂಕಗಳು ಹಾಗೆ ಕೂಡಿ ಬಂದವು ಎಂಬುದು ನನಗೆ ಗೊತ್ತು.

ಉತ್ತರ 3: ಸಕಲೇಶಪುರದ ಬೆಳೆಗಾರ

ಕಾಫಿ ಬೆಳೆಯುವ ನಮಗೆ ಹಬ್ಬದ ಹೆಸರಿನ ಬಂದರು ಎಂದರೆ ಮೊದಲು ನೆನಪಾಗಬೇಕಾದದ್ದು ನತಾಲ್ ಅಲ್ಲ, ಸಾಂಟೋಸ್. ಅದೂ ಬ್ರೆಜಿಲ್‌ನದೇ, ಆದರೆ ಬಹಳ ದಕ್ಷಿಣಕ್ಕೆ, ಸಾವೊ ಪಾಲೊ ರಾಜ್ಯದ ದಂಡೆಯಲ್ಲಿದೆ. ಹದಿನಾರನೆಯ ಶತಮಾನದಲ್ಲಿ ಬ್ರಾಸ್ ಕುಬಾಸ್ ಎಂಬಾತ ಅಲ್ಲಿ ಸ್ಥಾಪಿಸಿದ ಆಸ್ಪತ್ರೆಗೆ ಸಕಲ ಸಂತರ ಹೆಸರಿತ್ತು, ‘ಸಂತರು’ ಎಂಬ ಅರ್ಥದ ಆ ‘ಸಾಂಟೋಸ್’ ಊರಿಗೂ ಬಂತೆಂದು ವಿವರಿಸುತ್ತಾರೆ. 1867ರಲ್ಲಿ ಒಳನಾಡಿನ ಜುಂಡಿಯಾಯಿಯಿಂದ ಘಟ್ಟ ಇಳಿದು ಸಾಂಟೋಸ್‌ಗೆ ಬರುವ ರೈಲು ಆರಂಭವಾದ ಮೇಲೆ ಜಗತ್ತಿನ ಕಾಫಿ ವ್ಯಾಪಾರದ ಗತಿಯೇ ಬದಲಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ ನಮ್ಮ ರೈಲು ದಾರಿಯನ್ನು ಕಂಡವರಿಗೆ ಅಂಥ ಘಟ್ಟದ ಹಳಿ ಎಷ್ಟು ಕಷ್ಟದ ಕೆಲಸವೆಂಬುದು ತಿಳಿದೀತು. ಅಲ್ಲಿ 1922ರಲ್ಲಿ ತೆರೆದ ಕಾಫಿ ವಿನಿಮಯ ಕೇಂದ್ರದ ಭವ್ಯ ಕಟ್ಟಡ ಈಗ ಕಾಫಿ ಸಂಗ್ರಹಾಲಯವಾಗಿದೆ. ಆ ಬಂದರು ಇಂದಿಗೂ ಲ್ಯಾಟಿನ್ ಅಮೆರಿಕದಲ್ಲೇ ಅತಿ ದೊಡ್ಡದು. ಅಲ್ಲಿನ ಒಳನಾಡಿನ ತೋಟಗಳಲ್ಲಿ ಜುಲೈ ತಿಂಗಳಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿ ಬಿದ್ದರೆ ನಮ್ಮ ಕಣದಲ್ಲಿ ಒಣಗುವ ಕಾಫಿಯ ಬೆಲೆ ಅಲುಗಾಡುತ್ತದೆ. 1975ರ ಅಂಥ ಚಳಿಯ ನಂತರ ಬೆಲೆ ಏರಿದ ಮಾತನ್ನು ನಮ್ಮ ತಂದೆಯವರ ತಲೆಮಾರು ಮರೆತಿರಲಿಲ್ಲ.

ಹಾಗೆಂದು ನತಾಲ್ ನಗರಕ್ಕೂ ನಮಗೂ ನಂಟಿಲ್ಲವೆಂದಲ್ಲ. ಆ ನಗರದ ದಕ್ಷಿಣಕ್ಕೆ ಪಿರಾಂಜಿ ಎಂಬ ಕಡಲೂರಿನಲ್ಲಿ ಒಂದು ಗೇರು ಮರವಿದೆ. ಅದರ ಕೊಂಬೆಗಳು ಮೇಲೆ ಹೋಗದೆ ಅಡ್ಡ ಬೆಳೆದು, ಭಾರಕ್ಕೆ ನೆಲಕ್ಕೆ ತಾಗಿ, ತಾಗಿದಲ್ಲೆಲ್ಲ ಬೇರುಬಿಟ್ಟು ಮತ್ತೆ ಎದ್ದಿವೆ. ಒಂದೇ ಮರ ಸುಮಾರು 8,500 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡು ಎಕರೆಗೂ ತುಸು ಹೆಚ್ಚು ಜಾಗವನ್ನು ಆವರಿಸಿದೆ. ಜಗತ್ತಿನ ಅತಿ ದೊಡ್ಡ ಗೇರು ಮರವೆಂದು ಗಿನ್ನೆಸ್ ದಾಖಲೆ ಸೇರಿದೆ. ಗೇರಿನ ತವರು ಬ್ರೆಜಿಲ್, ನಮ್ಮ ಕರಾವಳಿಗೆ ಅದನ್ನು ತಂದವರು ಪೋರ್ಚುಗೀಸರು. ‘ಕಾಜು’ ಎಂಬ ಹೆಸರು ಸಹ ಅಲ್ಲಿನ ತುಪಿ ಭಾಷೆಯದು. ಬಾಯಮ್ಮನವರು ಕಳುಹಿಸುವ ತಟ್ಟೆಯಲ್ಲಿ ಗೋಡಂಬಿ ಇದ್ದರೆ, ಹಬ್ಬದ ಹೆಸರೂ ಅದರೊಳಗಿನ ಬೀಜವೂ ಒಂದೇ ಹಡಗಿನವರಿಂದ ಬಂದವೆಂದು ತಿಳಿಯಿರಿ.

ಮಲ್ಲಂದೂರು ಓದುಗ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಓದಿದೆ, ನನ್ನ ಮೊದಲ ಉತ್ತರ ತಪ್ಪಾಗಿತ್ತೆಂದು ಅವಳಿಗೆ ಹೇಳಿದೆ. ಕೂರ್ಲ್ಯಾಂಡ್ ಹಡಗಿನ ಸಂಗತಿ ಅವಳ ಮನಸ್ಸಿಗೆ ಬಹಳ ನಾಟಿದೆ. ಕಸ್ತೂರಬಾ ಅಷ್ಟು ದಿನ ಹಡಗಿನಲ್ಲಿ ಮಕ್ಕಳನ್ನು ಹೇಗೆ ಸಂಭಾಳಿಸಿರಬೇಕು ಎಂದು ಎರಡು ಬಾರಿ ಕೇಳಿದಳು. ಅವಳಿಗೆ ಇನ್ನು ಎರಡು ಪ್ರಶ್ನೆ ಉಳಿದಿವೆ. ಬ್ರೆಜಿಲ್‌ನ ಊರಿನವರು ಡಿಸೆಂಬರ್ 25ರಂದು ಹಬ್ಬವನ್ನು ಮಾಡುತ್ತಾರೋ, ಊರಿನ ಹುಟ್ಟುಹಬ್ಬವನ್ನೋ? ಚಾರ್ಟಿನಲ್ಲಿ ‘ಟ’ ಬರೆಯಬೇಕೋ ‘ತ’ವೋ?

ಇತಿಹಾಸದ ಮೇಷ್ಟ್ರು, ಹಾಸನ

ಎರಡನ್ನೂ ಒಟ್ಟಿಗೇ ಮಾಡುತ್ತಾರೆ. ಆ ದಿನ ನಗರದ ಸ್ಥಾಪನಾ ದಿನವೂ ಹೌದು. ಡಿಸೆಂಬರ್‌ನಲ್ಲಿ ಅಲ್ಲಿ ನಡೆಯುವ ಉತ್ಸವಕ್ಕೆ ‘ನತಾಲ್ ಎಂ ನತಾಲ್’, ಅಂದರೆ ‘ನತಾಲ್‌ನಲ್ಲಿ ನತಾಲ್’ ಎಂಬ ಹೆಸರಿದೆ. ನಗರದ ಹೆಬ್ಬಾಗಿಲಲ್ಲಿ ಮೂವರು ರಾಯರ ಪ್ರತಿಮೆಗಳೂ ನಕ್ಷತ್ರವೂ ಇರುವ ದ್ವಾರವಿದೆ. ಭೂಮಧ್ಯರೇಖೆಯ ಕೆಳಗಿರುವ ಊರಾದ್ದರಿಂದ ಅವರಿಗೆ ಅದು ಬೇಸಿಗೆಯ ಹಬ್ಬ, ಆ ನಗರವನ್ನು ‘ಸೂರ್ಯನ ನಗರ’ ಎಂದೇ ಕರೆಯುತ್ತಾರೆ.

ಕಾಗುಣಿತದ ಬಗ್ಗೆ ನನ್ನ ಅಭಿಪ್ರಾಯ ಇಷ್ಟು. ಗಾಂಧೀಜಿಯವರ ನಾಡನ್ನು ಕನ್ನಡದ ಪುಸ್ತಕಗಳಲ್ಲಿ ರೂಢಿಯಾಗಿರುವಂತೆ ‘ನಟಾಲ್’ ಎಂದೇ ಬರೆಯಲಿ, ಪರೀಕ್ಷೆಯಲ್ಲಿಯೂ ಅದೇ ಇರಲಿ. ಬ್ರೆಜಿಲ್‌ನ ನಗರವನ್ನು ‘ನತಾಲ್’ ಎಂದು ಬರೆದರೆ ಮೂಲಕ್ಕೆ ಹತ್ತಿರವೂ ಆಗುತ್ತದೆ, ಎರಡು ಊರುಗಳನ್ನು ಬೇರೆಯಾಗಿ ಗುರುತಿಸಲು ಅನುಕೂಲವೂ ಆಗುತ್ತದೆ. ನಡುವೆ ಒಂದು ಗೆರೆ ಎಳೆದು ಹಬ್ಬದ ಹೆಸರನ್ನು ಬರೆಯಲಿ.

ಬಾಳೆಹೊನ್ನೂರಿನವಳು

ಬೆಳೆಗಾರರ ಮಾತು ನಿಜ. ನಮ್ಮ ನೆವ್ರ್ಯೊ ತಿಂಡಿಯ ಹೂರಣಕ್ಕೆ ಎಳ್ಳು, ಕೊಬ್ಬರಿ, ಸಕ್ಕರೆಯ ಜೊತೆ ಗೋಡಂಬಿ ಚೂರು ಬೀಳುತ್ತದೆ. ಕನ್ನಡದವರು ಕರ್ಜಿಕಾಯಿ ಎನ್ನುವುದು ಅದಕ್ಕೇ.

ಮಲ್ಲಂದೂರಿನವರಲ್ಲಿ ಒಂದು ವಿನಂತಿ. ಕುಸ್ವಾರ್‌ನಲ್ಲಿ ಕಿಡಿಯೊ ಎಂಬ ಸುರುಳಿಯಂಥ ಪುಟ್ಟ ತಿಂಡಿ ಇರುತ್ತದೆ. ಹಿಟ್ಟಿನ ಗೋಲಿಯಷ್ಟು ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಹೆಬ್ಬೆರಳಿನಿಂದ ಒತ್ತಿ ಎಳೆದರೆ ಗೆರೆಗೆರೆಯಾಗಿ ಸುತ್ತಿಕೊಳ್ಳುತ್ತದೆ. ದೊಡ್ಡವರ ಬೆರಳಿಗಿಂತ ಮಕ್ಕಳ ಬೆರಳಿಗೆ ಅದು ಚೆನ್ನಾಗಿ ಬರುತ್ತದೆ, ಮತ್ತು ಒಂದು ಮನೆಗೆ ನೂರಾರು ಬೇಕಾಗುತ್ತವೆ. ಡಿಸೆಂಬರ್ ಮೂರನೆಯ ವಾರ ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆ ನಿಮ್ಮ ನೆರೆಮನೆಯ ಬಾಯಮ್ಮನಿಗೆ ಕೈ ಸಾಲದೆ ಹೋಗಿರುತ್ತದೆ. ಒಂದು ಸಂಜೆ ಮಗಳನ್ನು ಅಲ್ಲಿಗೆ ಕಳುಹಿಸಿ.